ಸ್ಟೋಯಿಕರೋ, ಎಪಿಕ್ಯೂರಸ್ಸೋ?

ನಾನು ಗ್ರೀಕ್ ತತ್ವಶಾಸ್ತ್ರ ಓದುತ್ತೇನೆ ಅಂತ ಗೊತ್ತಾದವರು ಕೇಳುವುದು ಇದನ್ನೇ: "ಚೆನ್ನಾಗಿ ಬದುಕೋಕೆ ಯಾರ ಮಾತು ಕೇಳಬೇಕು? ಸ್ಟೋಯಿಕರದ್ದೋ, ಎಪಿಕ್ಯೂರಸ್‌ದೋ?"

ಎಪಿಕ್ಯೂರಸ್‌ದು ಅನ್ನುತ್ತೇನೆ. ಆದರೆ ನನ್ನದೊಂದು ತಕರಾರು ಇದೆ.

ಕ್ರಿ.ಪೂ. 300ರ ಸುಮಾರಿಗೆ ಎರಡೂ ಪಂಥ ಅಥೆನ್ಸಿನಲ್ಲೇ ಶುರುವಾದವು. ಸೈಪ್ರಸ್‌ನಿಂದ ಬಂದ ಜೀನೋ ಪಾಠ ಹೇಳಿದ್ದು ಸ್ಟೋವಾ ಎಂಬ ಕಂಬಸಾಲಿನ ಜಗಲಿಯಲ್ಲಿ. ಸ್ಟೋಯಿಕ್ ಪಂಥದ ಹೆಸರು ಅಲ್ಲಿಂದಲೇ ಬಂತು. ಎಪಿಕ್ಯೂರಸ್ ಒಂದು ತೋಟ ಕೊಂಡು ಗೆಳೆಯರ ಜೊತೆ ಇದ್ದ. ಅಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿತ್ತು.

ಎಪಿಕ್ಯೂರಸ್ ಅಂದರೆ ತಿಂದುಂಡು ಮಜಾ ಮಾಡು ಅಂದವನು ಅಂತ ಹಲವರು ತಿಳಿದಿದ್ದಾರೆ. ಸುಖವೇ ಗುರಿ ಅಂದದ್ದು ನಿಜ. ಆದರೆ ಅವನ ಪ್ರಕಾರ ಸುಖ ಅಂದರೆ ಮೈಗೆ ನೋವಿಲ್ಲ, ಮನಸ್ಸಿಗೆ ಕಳವಳವಿಲ್ಲ, ಅಷ್ಟೇ. ರೊಟ್ಟಿ, ನೀರು ಸಾಕಿತ್ತು. ಬೇಕೆನಿಸಿದಾಗ ಹಬ್ಬದೂಟ ಮಾಡೋಣ, ಒಂದು ಕುಡಿಕೆ ಚೀಸ್ ಕಳಿಸು ಅಂತ ಗೆಳೆಯನಿಗೆ ಬರೆದಿದ್ದ.

ಸ್ಟೋಯಿಕರಿಗೆ ಒಳ್ಳೆಯತನವೊಂದೇ ಸಾಕು. ಹಣ, ಆರೋಗ್ಯ ಇದ್ದರೆ ಸರಿ, ಆದರೆ ಬಾಳು ಅವುಗಳ ಮೇಲೆ ನಿಂತಿಲ್ಲ. ನಮ್ಮ ಕೈಯಲ್ಲಿ ಇರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ ನೋಡು ಅಂದವನು ಎಪಿಕ್ಟೀಟಸ್, ಒಂದು ಕಾಲದ ಗುಲಾಮ. ಆಫೀಸಿನ ಕಿರಿಕಿರಿಯಲ್ಲಿ ಈ ಮಾತು ನನ್ನನ್ನು ಎಷ್ಟೋ ಸಲ ಉಳಿಸಿದೆ. ಆದರೆ ಅವನು ಇನ್ನೊಂದನ್ನೂ ಹೇಳುತ್ತಾನೆ. ಮಗುವಿಗೆ ಮುತ್ತು ಕೊಡುವಾಗ ಇದು ಸಾಯುವ ಜೀವ ಅಂತ ನೆನೆಸಿಕೋ, ಆಗ ಅದು ಸತ್ತರೂ ನೀನು ಕಂಗೆಡುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಇದನ್ನು ಮತ್ತೆ ಓದಿದೆ. ನನ್ನಿಂದ ಆಗಲಿಲ್ಲ. ಕಂಗೆಟ್ಟಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ.

ಆಗ ಕೈ ಹಿಡಿದದ್ದು ಎಪಿಕ್ಯೂರಸ್‌ನ ಕೊನೆಯ ಪತ್ರ. ಕ್ರಿ.ಪೂ. 270ರ ಸುಮಾರು. ಮೂತ್ರ ಕಟ್ಟಿ ವಿಪರೀತ ನೋವು. ನಾವು ಕೂತು ಆಡಿದ ಮಾತುಗಳ ನೆನಪು ಈ ನೋವಿಗೆ ಎದುರಾಗಿ ನಿಂತಿದೆ ಅಂತ ಗೆಳೆಯನಿಗೆ ಬರೆಯುತ್ತಾನೆ. ಆಮೇಲೆ, ತೀರಿಕೊಂಡ ಗೆಳೆಯ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಅನ್ನುತ್ತಾನೆ. ಅಪ್ಪನ ಜೊತೆ ಆಡಿದ ಮಾತುಗಳನ್ನು ಮರೆಯಲು ಹೊರಟಿದ್ದ ನಾನು, ಇದನ್ನು ಓದಿದ ಮೇಲೆ ಒಂದೊಂದಾಗಿ ನೆನೆಸಿಕೊಂಡೆ.

ಇನ್ನು ತಕರಾರು. ರಾಜಕೀಯ ಬೇಡ, ಯಾರ ಕಣ್ಣಿಗೂ ಬೀಳದೆ ಸುಮ್ನೆ ಬದುಕು ಅಂದ ಎಪಿಕ್ಯೂರಸ್. ಗೆಳೆಯನ ಮಕ್ಕಳನ್ನು ತೋಟ ನೋಡಿಕೊಳ್ಳುತ್ತದೆ, ಸರಿ. ತೋಟದ ಆಚೆಯ ಮಕ್ಕಳನ್ನು? ಇಡೀ ಲೋಕವೇ ಒಂದು ಊರು, ಎಲ್ಲರೂ ಅದರವರೇ ಅಂದವರು ಸ್ಟೋಯಿಕರು. ನಮ್ಮ ಬೀದಿಗೆ ನೀರು ಬಾರದಿದ್ದಾಗ ವಾರ್ಡ್ ಸಭೆಗೆ ಹೋಗಿ ಮಾತಾಡಲು ಅವರ ಮಾತೇ ನನಗೆ ಬೇಕಾಯಿತು.