ಹತ್ತಿ, ಬೆಲ್ಲ ದೊಡ್ಡಮ್ಮನ ಮನೆಗೆ

ಆಗಸ್ಟ್ 31, 2025, ಭಾನುವಾರ
ಸಾಗರ

ಇವತ್ತು ಗಟ್ಟಿಯಾಯಿತು. ನನ್ನ ಮೊಲಗಳು, ಹತ್ತಿ ಮತ್ತು ಬೆಲ್ಲ, ಇಬ್ಬರೂ ಹೊಸನಗರದ ಕಡೆಯ ದೊಡ್ಡಮ್ಮನ ಮನೆಗೆ ಹೋಗುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದಾಗಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಫೀಸು, ಬಟ್ಟೆಬರೆ ಎಲ್ಲ ಅಪ್ಪ ಅಮ್ಮ ನೋಡಿಕೊಂಡರು. ಮೊಲಗಳ ವಿಷಯ ಮಾತ್ರ ನನ್ನದೇ.

ಹಾಸ್ಟೆಲ್‌ಗೆ ಒಯ್ಯುವ ಹಾಗಿಲ್ಲ. ಮನೆಯಲ್ಲಿ ಅಪ್ಪ ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಅಮ್ಮನಿಗೆ ಉಬ್ಬಸ. ಒಣಹುಲ್ಲಿನ ದೂಳು ಮೂಗಿಗೆ ಹೋದರೆ ಸಾಕು, ಶುರುವಾಗುತ್ತದೆ. ಆದರೂ "ನಾನು ನೋಡ್ಕೋತೀನಿ, ನೀನು ಸುಮ್ನೆ ಓದು" ಎಂದಳು. ಅಮ್ಮ ಹೇಳಿದ ಮೇಲೆ ಉಸಿರು ಕಟ್ಟಿದರೂ ಗೂಡು ಗುಡಿಸುತ್ತಾಳೆ. ಅದಕ್ಕೇ ನಾನು ಬೇಡ ಎಂದೆ.

ಚೌತಿಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. "ಕಾಡಿಗೆ ಬಿಡು, ಹುಲ್ಲು ತಿಂದ್ಕೊಂಡು ಇರ್ತವೆ" ಎಂದವರೇ ಜಾಸ್ತಿ. ನಮ್ಮ ಕಾಡಿನ ಮೊಲವೇ ಬೇರೆ ಜಾತಿ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ರೋಮ ಇರುತ್ತದೆ. ನಾವು ಸಾಕುವುದು ಯುರೋಪ್ ಮೂಲದ್ದು. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬೋಳು ಮೈಯಲ್ಲಿ ಹುಟ್ಟುತ್ತವೆ. ಅಪ್ಪಟ ಬಿಳಿ ಬಣ್ಣದ ಹತ್ತಿ ಹಸಿರು ಕಾಡಿನಲ್ಲಿ ಎಷ್ಟು ಹೊತ್ತು ಬದುಕಿಯಾಳು? ನಾಯಿ, ಮುಂಗುಸಿ, ಹೆಬ್ಬಾವು, ಯಾವುದರ ಕಣ್ಣಿಗಾದರೂ ಬಿದ್ದೇ ಬೀಳುತ್ತಾಳೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಇದನ್ನು ಹೇಳಿದರೆ ನಕ್ಕರು. ನನಗೆ ನಿಜವಾಗಿ ಸಿಟ್ಟು ಬಂತು.

ಇನ್ನೊಬ್ಬರ ಮನೆಯಲ್ಲಿ ಗಂಡು ಮೊಲ ಇದೆಯಂತೆ. "ಒಂದನ್ನು ಕೊಡು, ಮರಿ ಹಾಕಿದ ಮೇಲೆ ನಿಂಗೂ ಒಂದು ಕೊಡ್ತೀವಿ" ಎಂದರು. ಮೊಲ ಗಬ್ಬ ಕಟ್ಟಿ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಮರಿ ಹಾಕಿದ ಬೆನ್ನಲ್ಲೇ ಮತ್ತೆ ಗಬ್ಬ ಕಟ್ಟಬಹುದು. ಗಂಡಿನ ಜೊತೆ ಒಂದೇ ಗೂಡಿನಲ್ಲಿ ಬಿಟ್ಟರೆ ಆ ಜೀವಕ್ಕೆ ಬಿಡುವೇ ಇಲ್ಲ. ಮೇಲಾಗಿ ಇವೆರಡನ್ನೂ ಬೇರೆ ಮಾಡುವುದು ನನ್ನಿಂದ ಆಗದು. 2021ರ ಲಾಕ್‌ಡೌನ್‌ನಲ್ಲಿ ಒಟ್ಟಿಗೆ ಬಂದ ಅಕ್ಕತಂಗಿಯರು. ಬೆಲ್ಲ ಹತ್ತಿಯ ಹಣೆ ನೆಕ್ಕದೆ ಮಲಗುವುದಿಲ್ಲ.

ದೊಡ್ಡಮ್ಮ ಸಲಹೆ ಕೊಡಲಿಲ್ಲ. ಊಟ ಮುಗಿಸಿ ಗೂಡಿನ ಹತ್ತಿರ ಕೂತು ಕೇಳಿದರು: "ಕೂಸೆ, ಇವಕ್ಕೆ ಹುಷಾರಿಲ್ಲ ಅಂತ ಗೊತ್ತಾಗೋದು ಹೇಗೆ?" ಅಷ್ಟು ಜನರಲ್ಲಿ ಈ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ನನ್ನ ಮನಸ್ಸು ಆಗಲೇ ಅವರ ಕಡೆ ವಾಲಿತ್ತು. ಮೊಲ ನೋವನ್ನು ಸುಲಭಕ್ಕೆ ತೋರಿಸಿಕೊಳ್ಳುವುದಿಲ್ಲ, ಕೂಗುವುದೂ ತೀರಾ ಅಪರೂಪ. ತಿನ್ನುವುದು ಬಿಡುತ್ತದೆ, ಹಿಕ್ಕೆ ಸಣ್ಣದಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬಾರದು, ಡಾಕ್ಟರ್‌ಗೆ ತೋರಿಸಬೇಕು. ದಿನಾ ಹಿಕ್ಕೆ ನೋಡುವವರು ಬೇಕು. ಮುದ್ದು ಮಾಡುವವರು ಎಲ್ಲಿ ಬೇಕಾದರೂ ಸಿಗುತ್ತಾರೆ.

ದೊಡ್ಡಮ್ಮನ ಮನೆಯಲ್ಲಿ ದನಗಳಿವೆ. ಬೇಣದಿಂದ, ಅಂದರೆ ಹುಲ್ಲುಗಾವಲಿನಿಂದ, ಕೊಯ್ದು ಒಣಗಿಸಿದ ಕರಡದ ಹುಲ್ಲು ಅಟ್ಟದ ತುಂಬ ಇರುತ್ತದೆ. ಮೊಲಕ್ಕೆ ಮುಖ್ಯವಾಗಿ ಬೇಕಾದದ್ದು ಒಣಹುಲ್ಲೇ ಅಲ್ವಾ? ಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಸವೆಯುವುದು. ಬ್ರೆಡ್ಡು, ಬಿಸ್ಕತ್ತು ಬೇಡ, ಕ್ಯಾರೆಟ್ ಚೂರೇ ಚೂರು ಎಂದು ಹೇಳಿದ್ದೇನೆ. ಮಳೆಗಾಲದಲ್ಲಿ ಕೊಯ್ದು ರಾಶಿ ಹಾಕಿ ಬಿಸಿಯಾದ ಹಸಿಹುಲ್ಲು ಬೇಡವೇ ಬೇಡ. ಮೆತ್ತನೆಯ ಹಿಕ್ಕೆಯನ್ನು ತಾವೇ ತಿನ್ನುತ್ತವೆ, ಅದು ರೋಗವಲ್ಲ ಎಂದಾಗ ದೊಡ್ಡಮ್ಮ "ದನ ಮೆಲುಕು ಹಾಕಿದ ಹಾಗೆ" ಎಂದು ತಕ್ಷಣ ಹಿಡಿದುಕೊಂಡರು. ಅವರ ದನಗಳಿಗೆ ಬರುವ ಡಾಕ್ಟರು ಮೊಲಗಳನ್ನೂ ನೋಡುತ್ತಾರಂತೆ, ಇವತ್ತು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ.

ಒಂದೇ ಅಳುಕು, ಅವರ ಮನೆಯ ನಾಯಿ. ಅದಕ್ಕೆ ದೊಡ್ಡಪ್ಪ ಸೌದೆ ಕೋಣೆ ಖಾಲಿ ಮಾಡಿ ಬಾಗಿಲಿಗೆ, ಕಿಟಕಿಗೆ ಜಾಲರಿ ಹೊಡೆಸುತ್ತಿದ್ದಾರೆ.

ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ. ನನ್ನ ಡಿಗ್ರಿ 4 ವರ್ಷ. ಅದು ಮುಗಿಯುವಾಗ ಇವರಿಗೆ 8 ಆಗಿರುತ್ತದೆ. ಆಮೇಲೆ ಕರೆದುಕೊಂಡು ಬರುತ್ತೇನೆ ಎಂದೆ. "ಅಷ್ಟೊತ್ತಿಗೆ ನಾನು ಬಿಟ್ಟು ಕೊಟ್ರೆ ತಾನೆ" ಎಂದರು ದೊಡ್ಡಮ್ಮ. ಆ ಮಾತು ಕೇಳಿ ಅಳು ಬಂತು, ನೆಮ್ಮದಿಯೂ ಆಯಿತು.

ಮುಂದಿನ ವಾರ ಓಮ್ನಿಯಲ್ಲಿ, ಬಿಸಿಲೇರುವ ಮೊದಲೇ ಹೊರಡಬೇಕು. ಗೂಡಿನ ಗೋಣಿತಾಟನ್ನು ತೊಳೆಯದೆ ಹಾಗೇ ಒಯ್ಯುತ್ತೇನೆ. ಗೊತ್ತಿರುವ ವಾಸನೆ ಇದ್ದರೆ ಹೊಸ ಜಾಗದಲ್ಲಿ ಹೆದರಿಕೆ ಕಡಿಮೆ. ನಾನೂ ಅಲ್ಲೇ ಉಳಿದು, ಇಬ್ಬರೂ ಸರಿಯಾಗಿ ತಿಂದು ಹಿಕ್ಕೆ ಹಾಕಿದ್ದನ್ನು ನೋಡಿಯೇ ಧಾರವಾಡದ ಬಸ್ಸು ಹತ್ತುವುದು.