ಒಂದೇ ವಾರ, ಮೂರು ಫೋಟೋ

ಪೋಸ್ಟ್‌ಮ್ಯಾನ್ ಮೂರು ಲಕೋಟೆ ಒಟ್ಟಿಗೆ ಕೊಟ್ಟು ಹೋದರು. ಮೂರರಲ್ಲೂ ನನ್ನ ಬೈಕ್, ಹಿಂದೆ ಅಪ್ಪ. ಬಿಳಿ ಮುಂಡು, ತೊಡೆ ಮೇಲೆ ಎಕ್ಸ್‌ರೇ ಕವರ್, ಗಾಳಿಗೆ ಎದ್ದು ನಿಂತ ನರೆಗೂದಲು. ಹೆಲ್ಮೆಟ್ ಇಲ್ಲ.

ಆ ವಾರ ಅಪ್ಪನ ಮಂಡಿಗೆ ಫಿಸಿಯೋಥೆರಪಿ ಇತ್ತು. ಸೋಮವಾರ, ಬುಧವಾರ, ಶುಕ್ರವಾರ ಬದಿಯಡ್ಕದಿಂದ ಕಾಸರಗೋಡಿಗೆ ಕರ್ಕೊಂಡು ಹೋಗಿದ್ದೆ. ನಾನು ಹೆಲ್ಮೆಟ್ ಹಾಕಿದ್ದೆ. ಅಪ್ಪ "ಸೆಕೆ" ಅಂದರು, ನಾನೂ ಸುಮ್ಮನಾದೆ. ತಪ್ಪು ನಮ್ಮದೇ. ಹಿಂದೆ ಕೂತವರೂ ಹೆಲ್ಮೆಟ್ ಹಾಕಲೇಬೇಕು ಅಂತ ಕಾನೂನಿದೆ.

ಕೇರಳದಲ್ಲಿ ಎಐ ಕ್ಯಾಮೆರಾ ನೋಡಿ ದಂಡ ಹಾಕೋದು ಶುರುವಾದದ್ದು 2023ರ ಜೂನ್ 5ಕ್ಕೆ. ಒಟ್ಟು 726 ಕ್ಯಾಮೆರಾ. ಅದರಲ್ಲಿ 675 ಇರೋದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ನೋಡೋದಕ್ಕೆ. ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ. ನಮಗೆ 1500 ಬಿತ್ತು.

ಅಪ್ಪನಿಗೆ ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಮಗಳು ಓದಿ ಹೇಳಿದಳು. ಅಪ್ಪ ಮೂರೂ ಕಾಗದವನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು, ಕನ್ನಡಕ ಮೇಲೆ ತಳ್ಳಿ ತಾರೀಖು ನೋಡಿದರು.

"ಸೋಮವಾರವೇ ಹೇಳಿದ್ದರೆ ಬುಧವಾರ ಹಾಕ್ತಿದ್ದೆ ಮಾರಾಯ. ಮೂರು ವಾರ ಬಿಟ್ಟು ಹೇಳುವುದು ಎಂತಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದಾಖಲೆಯಲ್ಲಿ ಈಗಿನ ಮೊಬೈಲ್ ನಂಬರೇ ಇದೆ. ಒಂದು ಮೆಸೇಜೂ ಬಂದಿರಲಿಲ್ಲ.

ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಅಲ್ಲೇ ನಾಲ್ಕು ಮಾತು ಬೈಸ್ಕೊಳ್ತೇವೆ. ನಾಚಿಕೆ ಆಗುತ್ತದೆ. ಮರುದಿನ ತಲೆಗೆ ಹೆಲ್ಮೆಟ್ ಬಂದೇ ಬರುತ್ತದೆ. ಕ್ಯಾಮೆರಾ ಹಿಡಿದ ಫೋಟೋವನ್ನೂ ಕಂಟ್ರೋಲ್ ರೂಮಿನಲ್ಲಿ ಮನುಷ್ಯರು ನೋಡಿಯೇ ಚಲನ್ ಕಳಿಸೋದು. ಹಾಗಾದ್ರೆ ಅಪ್ಪನ ಬರೀ ತಲೆಯನ್ನು ಯಾರೋ ನೋಡಿದ್ದಾರೆ, ಅಲ್ವಾ? ನಮಗೆ ಗೊತ್ತಾಗುವ ಹೊತ್ತಿಗೆ ಅದೇ ತಲೆ ಇನ್ನೆರಡು ಸಲ ಅದೇ ದಾರಿಯಲ್ಲಿ ಹೋಗಿ ಬಂದಿತ್ತು. ಎಲ್ಲಾದರೂ ಬಿದ್ದಿದ್ದರೆ? ಪೇಟೆಯಲ್ಲಿ "ಇದು ದುಡ್ಡು ಮಾಡಲಿಕ್ಕೆ" ಅಂತ ಜನ ಹೇಳುವಾಗ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಜೀವ ಉಳಿಸಲಿಕ್ಕೆ ಹಾಕುವ ದಂಡ ಅಂತಾದರೆ ಸುದ್ದಿ ಅದೇ ದಿನ ಮನೆ ಮುಟ್ಟಬೇಕು.

ಸಂಜೆಯೇ ಅಪ್ಪನಿಗೆ ಹಗುರದ ಹೆಲ್ಮೆಟ್ ತಂದೆ. ದಂಡವನ್ನೂ ಕಟ್ಟಿದೆ. ರಾತ್ರಿ ಕೂತು ಒಂದು ಅರ್ಜಿ ಬರೆದೆ, ಕನ್ನಡದಲ್ಲೇ. ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ ಭಾಷಾ ಕಾನೂನಿನಲ್ಲೇ ಇದೆ. ದಂಡ ಬಿಡಿ ಅಂತ ಕೇಳಲಿಲ್ಲ. ಮೊದಲ ಫೋಟೋ ತೆಗೆದ ದಿನವೇ ತಿಳಿಸಿ, ನಮಗೆ ಓದಲಿಕ್ಕೆ ಬರುವ ಭಾಷೆಯಲ್ಲಿ ತಿಳಿಸಿ ಅಂತ ಬರೆದೆ. ಕೆಳಗೆ ಅಪ್ಪನೂ ಸಹಿ ಹಾಕಿದರು.