ಆಗುಂಬೆಯಿಂದ ರಾಣೆಬೆನ್ನೂರಿಗೆ: ಯಾವುದಕ್ಕೆ ಬರ, ಎಲ್ಲಿ?

ಉಡುಪಿಯಿಂದ ಹೊರಟು ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ ದಾಟಿದರೆ ರಾಣೆಬೆನ್ನೂರು. ಒಟ್ಟು 240 ಕಿ.ಮೀ. ಆಸುಪಾಸು. ಪಶ್ಚಿಮ ಆಫ್ರಿಕದಲ್ಲಿ ಗಿನಿ ಕರಾವಳಿಯ ಮಳೆಕಾಡು ಬಿಟ್ಟು ಸಹಾರಾ ಮರುಭೂಮಿಯ ಅಂಚಿನ ಒಣಪಟ್ಟಿಯಾದ ಸಹೇಲಿನ ಮುಳ್ಳುಕುರುಚಲು ಮುಟ್ಟಲು ಸಾವಿರ ಕಿ.ಮೀ. ಆಸುಪಾಸು ಉತ್ತರಕ್ಕೆ ಹೋಗಬೇಕು. ಇಲ್ಲಿ ಮಳೆಮೋಡ ತಡೆಯುವ ಘಟ್ಟದ ಗೋಡೆ ಆ ದೂರವನ್ನೆಲ್ಲ ಮಡಚಿ ಇಟ್ಟಿದೆ. ಎರಡು ದಿನ ಸಾಕು.

ಹೊರಡಲು ಮಾರ್ಚ್ ಮೊದಲೆರಡು ವಾರ ಒಳ್ಳೆಯದು. ಜುಲೈನಲ್ಲಿ ದಾರಿಯುದ್ದಕ್ಕೂ ಹಸಿರೇ, ಯಾವ ಕಾಡು ಎಲ್ಲಿ ಮುಗಿಯಿತೆಂದು ತಿಳಿಯದು. ಚೀಲದಲ್ಲಿ 20 ಮೀಟರಿನ ನಾಲ್ಕು ಹಗ್ಗ, 30 ಮೀಟರಿನ ಟೇಪು, ದಿಕ್ಸೂಚಿ, ದುರ್ಬೀನು, ಪೆನ್ಸಿಲು ಇರಲಿ. ಪೆನ್ನು ಬೇಡ, ಮಲೆನಾಡಿನ ಇಬ್ಬನಿಗೇ ಶಾಯಿ ಹರಡಿಬಿಡುತ್ತದೆ.

ನಿಂತಲ್ಲೆಲ್ಲ ಕೇಳಬೇಕಾದ್ದು ಒಂದೇ ಪ್ರಶ್ನೆ: ಇಲ್ಲಿ ಯಾವುದಕ್ಕೆ ಬರ? ಅಂದರೆ, ಇಲ್ಲಿನ ಜೀವಗಳನ್ನು ಹಿಡಿದಿಟ್ಟಿರುವುದು ಯಾವುದರ ಕೊರತೆ?

ಸೋಮೇಶ್ವರದಿಂದ 14 ತಿರುವು ಹತ್ತಿದರೆ ಆಗುಂಬೆ, ಎತ್ತರ ಸುಮಾರು 650 ಮೀಟರ್. ವರ್ಷದ ಸರಾಸರಿ ಮಳೆ 7,600 ಮಿ.ಮೀ. ಹತ್ತಿರ. ಹಾಗೆಂದು ಇದನ್ನು ಅಮೆಜಾನಿನ ಸಾಲಿಗೆ ಸೇರಿಸುವಂತಿಲ್ಲ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ, ಜನವರಿ ಬಹುತೇಕ ಒಣ ತಿಂಗಳು. ಆದರೂ ಕಾಡು ಎಲೆ ಉದುರಿಸುವುದಿಲ್ಲ ಏಕೆ? ಹವಾಗುಣ ವಿಂಗಡಿಸಲು ಹವಾಗುಣ ತಜ್ಞ ಕೊಪ್ಪೆನ್ ಕೊಟ್ಟ ಸೂತ್ರವೊಂದನ್ನು ಇಲ್ಲಿ ಹಾಕಿ ನೋಡಬಹುದು. ವರ್ಷದ ಮಳೆಯನ್ನು (ಮಿ.ಮೀ.ನಲ್ಲಿ) 25ರಿಂದ ಭಾಗಿಸಿ, ಬಂದದ್ದನ್ನು 100ರಿಂದ ಕಳೆಯಿರಿ. ಅತಿ ಒಣ ತಿಂಗಳ ಮಳೆ 60 ಮಿ.ಮೀ.ಗಿಂತ ಕಡಿಮೆಯಿದ್ದರೂ ಈ ಉತ್ತರಕ್ಕಿಂತ ಕಡಿಮೆಯಿಲ್ಲದಿದ್ದರೆ ಅದು ಮಾನ್ಸೂನ್ ಕಾಡಿನ ಹವೆ. ಆಗುಂಬೆಗೆ ಉತ್ತರ ಮೈನಸ್ 204. ಅಂದರೆ ಜನವರಿಯಲ್ಲಿ ಹನಿಯೂ ಬೀಳದಿದ್ದರೂ ನಡೆಯುತ್ತದೆ; ಮಳೆಗಾಲದಲ್ಲಿ ಮಣ್ಣು ಕುಡಿದಿಟ್ಟ ನೀರೇ ಬೇಸಿಗೆ ದಾಟಿಸುತ್ತದೆ. ವರ್ಷಕ್ಕೆ 900 ಮಿ.ಮೀ. ಬೀಳುವ ಊರಿಗೆ ಇದೇ ಲೆಕ್ಕ ಹಾಕಿದರೆ ಉತ್ತರ 64, ಅಲ್ಲಿ ಒಣ ಜನವರಿ ಸೋತುಹೋಗುತ್ತದೆ. ನಾಳೆ ಕಾಣಲಿರುವ ಬೋಳು ಮರಗಳಿಗೆ ಕಾರಣ ಇಷ್ಟೇ.

ಹಾಗಾಗಿ ಆಗುಂಬೆಯ ಒಳಗಾಡಿನಲ್ಲಿ ಬರ ಇರುವುದು ನೀರಿಗಲ್ಲ, ಬೆಳಕಿಗೆ. ಮೇಲಿನ ಚಪ್ಪರ ದಾಟಿ ನೆಲಕ್ಕೆ ಇಳಿಯುವುದು ಬಿಸಿಲಿನ ನೂರರಲ್ಲಿ ಒಂದೆರಡು ಪಾಲು. ಆಳೆತ್ತರದ ಸಸಿ ಮೊನ್ನೆ ಮೊನ್ನೆ ಹುಟ್ಟಿದ್ದೆಂದು ತಿಳಿಯಬೇಡಿ; ಪಕ್ಕದ ದೊಡ್ಡ ಮರ ಬೀಳುವುದನ್ನೇ ಕಾಯುತ್ತ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ.

ಮರ ಎಣಿಸುವ ಆಸೆಯಿದ್ದರೆ ರಕ್ಷಿತಾರಣ್ಯಕ್ಕೆ ನುಗ್ಗಬೇಡಿ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಅಡಿಕೆ ತೋಟದವರನ್ನು ಕೇಳಿ ತೋಟಕ್ಕೆ ಸೊಪ್ಪು ತರುವ ಅವರ ಸೊಪ್ಪಿನಬೆಟ್ಟದಲ್ಲಿ ಹಗ್ಗ ಹಾಸಿ. 20 ಮೀಟರ್ ಚೌಕ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ, ಎರಡೂ ಕಡೆ 28.3 ಮೀಟರ್ ಬರಬೇಕು. ಬರದಿದ್ದರೆ ಚೌಕ ಸೊಟ್ಟಗಿದೆ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಒರಗಿಸಿದರೆ ಕ್ಷೇತ್ರ ಕಡಿಮೆಯಾಗುತ್ತದೆ, ಮಟ್ಟವಾಗಿ ಎತ್ತಿ ಹಿಡಿಯಬೇಕು. ಕಾಂಡದ ಸುತ್ತಳತೆ ತೆಗೆಯುವುದು ನೆಲದಿಂದ 1.3 ಮೀಟರ್ ಮೇಲೆ, 30 ಸೆಂ.ಮೀ. ಮೀರಿದ್ದನ್ನಷ್ಟೇ. ಬುಡದಲ್ಲಿ ಹಲಗೆಬೇರು ಚಾಚಿದ್ದರೆ ಅದು ಮುಗಿದ ಮೇಲೆ ಅಳೆಯಿರಿ. ಬೇರನ್ನೂ ಸೇರಿಸಿ ಟೇಪು ಸುತ್ತಿದರೆ ಸಾಧಾರಣ ಮರವೂ ಲೆಕ್ಕದಲ್ಲಿ ದೈತ್ಯವಾಗುತ್ತದೆ. ಹಗ್ಗದ ಮೇಲೇ ನಿಂತ ಮರದ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಸೇರಿಸಿಕೊಳ್ಳಿ. ಸೊಪ್ಪು ಕಡಿದ ಬೆಟ್ಟದಲ್ಲಿ ಬೆಳಕು ಹೆಚ್ಚು, ಹಾಗಾಗಿ ಬಿಸಿಲು ಬಯಸುವ ಜಾತಿಗಳೇ ಮೇಲುಗೈ. ಕಡಿಯದೆ ಬಿಟ್ಟ ಮೂಲೆಯಲ್ಲಿ ಇನ್ನೊಂದು ಚೌಕ ಹಾಕಿ ಹೋಲಿಸಿದರೆ ಅದು ಕಣ್ಣಿಗೆ ಕಾಣುತ್ತದೆ. (ಜೂನ್ ನಂತರ ಬಂದವರಿಗೆ ಇಂಬಳದ ಕಾಟ. ಹಚ್ಚಿದ ಉಪ್ಪು ಮೊದಲ ಮಳೆಗೇ ತೊಳೆದುಹೋಗುತ್ತದೆ, ಮೊಣಕಾಲವರೆಗಿನ ದಪ್ಪ ನೇಯ್ಗೆಯ ಕಾಲುಚೀಲವೇ ವಾಸಿ.)

ಈ ಕಾಡಿನ ಆಹಾರ ಸರಪಳಿಯ ತುದಿಯಲ್ಲಿ ಕಾಳಿಂಗ ಸರ್ಪವಿದೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಕಪ್ಪೆ, ಇಲಿ ತಿಂದ ಹಾವನ್ನು ತಿಂದು ಬದುಕುವ ಪ್ರಾಣಿ ಎಂದೂ ಗುಂಪುಗುಂಪಾಗಿ ಇರಲಾರದು, ಏಕೆಂದರೆ ಒಂದೊಂದು ಮೆಟ್ಟಿಲು ಏರುವಾಗಲೂ ಶಕ್ತಿಯ ಬಹುಪಾಲು ಸೋರಿಹೋಗುತ್ತದೆ. ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಇಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವುಗಳಿಗೆ ರೇಡಿಯೊ ಪ್ರೇಷಕ ಅಳವಡಿಸಿ ಅವುಗಳ ಓಡಾಟದ ಬೆನ್ನು ಹತ್ತಿತು.

ತೀರ್ಥಹಳ್ಳಿ ದಾಟಿ ಶಿವಮೊಗ್ಗದ ದಾರಿಯಲ್ಲಿ ಮಂಡಗದ್ದೆ. ತುಂಗೆಯ ನಡುವೆ ಒಂದು ಎಕರೆ ಆಸುಪಾಸಿನ ನಡುಗಡ್ಡೆ. ಮಾರ್ಚ್‌ನಲ್ಲಿ ಇಲ್ಲಿ ಗೂಡುಗಳಿಲ್ಲ. ಬೆಳ್ಳಕ್ಕಿ, ನೀರುಕಾಗೆಗಳು ಮರಿ ಮಾಡುವುದು ಮಳೆಗಾಲದಲ್ಲಿ. ಆದರೂ ಐದು ನಿಮಿಷ ನಿಲ್ಲಬೇಕು. ಮೀನು, ಕಪ್ಪೆಗೆ ಸುತ್ತಲ ಹೊಳೆ, ಗದ್ದೆಗಳಲ್ಲಿ ಕೊರತೆಯಿಲ್ಲ. ಇಲ್ಲಿ ಬರ ಇರುವುದು ಕೊಂಬೆಗೆ. ಗೂಡಿಗೆ ಜಾಗ ತುಂಬಿದ ಮೇಲೆ ಬಂದ ಜೋಡಿಗೆ ಸಿಗುವುದು ನೀರಿಗೆ ತಾಗುವ ಕೆಳಗೊಂಬೆ. ಹಕ್ಕಿ ಹೆಚ್ಚಿದಷ್ಟೂ ಬಿಗಿಯಾಗುವ ಇಂಥ ಹಿಡಿತ ಒಂದು ಬಗೆಯದು. ಹೊಳೆ ಉಕ್ಕಿ ಆ ಕೊಂಬೆಗಳನ್ನು ಮುಳುಗಿಸುವುದು ಇನ್ನೊಂದು ಬಗೆ, ಹಕ್ಕಿ ಹತ್ತಿರಲಿ ಸಾವಿರವಿರಲಿ ನೆರೆಗೆ ಲೆಕ್ಕವಿಲ್ಲ. ಒಂದು ವರ್ಷ ಗೂಡು ಕಡಿಮೆಯಾಯಿತೆಂದರೆ ಈ ಎರಡರಲ್ಲಿ ಯಾವುದು ಕಾರಣವೆಂದು ಬಿಡಿಸದೆ ‘ಸಂತತಿ ಕುಸಿತ’ ಎನ್ನುವುದು ಅವಸರದ ಮಾತು.

ಸಕ್ರೆಬೈಲು ಹತ್ತಿರ ತೇಗ, ಮತ್ತಿ ಬೋಳಾಗಿ ನಿಂತಿರುತ್ತವೆ. ಎಲೆ ಇಟ್ಟುಕೊಂಡರೆ ನೀರು ಆವಿಯಾಗುತ್ತದೆ, ಅದಕ್ಕೆ ಉದುರಿಸಿವೆ. ಹೊನ್ನಾಳಿ ಕಡೆ ಹೊರಳಿದ ಮೇಲೆ ಜಾಲಿ ಮತ್ತು ಹೊಲ.

ರಾಣೆಬೆನ್ನೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಕೃಷ್ಣಮೃಗಕ್ಕೆಂದು 1974ರಲ್ಲಿ ಇಲ್ಲಿ 119 ಚ.ಕಿ.ಮೀ. ಅಭಯಾರಣ್ಯ ಘೋಷಣೆಯಾಯಿತು. ಈ ಜಿಂಕೆಯ ರಕ್ಷಣೆಯೇ ಕಣ್ಣು ಮತ್ತು ಓಟ: ತೋಳವನ್ನು ದೂರದಿಂದಲೇ ಕಂಡು ಓಡಬೇಕು. ಅದಕ್ಕೆ ಬೇಕಾದ್ದು ಗಿಡ್ಡ ಹುಲ್ಲಿನ ಬಯಲು. ನಾವು ನೆಟ್ಟದ್ದು ನೀಲಗಿರಿ. ಹುಲ್ಲುಗಾವಲನ್ನು ‘ಹಾಳಾದ ಕಾಡು’, ‘ಬಂಜರು’ ಎಂದು ಬರೆದುಕೊಂಡ ಕಡತದ ಫಲ ಇದು. ಇಷ್ಟು ಮಳೆ, ಇಷ್ಟುದ್ದದ ಒಣಕಾಲ, ಮೇಯುವ ಪ್ರಾಣಿಗಳು, ಬೆಂಕಿ ಸೇರಿದರೆ ಹುಟ್ಟುವುದು ಸವಾನಾ, ಅಂದರೆ ಅಲ್ಲಲ್ಲಿ ಮರಗಳಿರುವ ಹುಲ್ಲುಗಾವಲು. ಅದು ಯಾವುದೋ ಕಾಡಿನ ಅವಶೇಷವಲ್ಲ. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದು ನಿಷೇಧವಾಗಿದ್ದು 2017ರಲ್ಲಿ.

ಎಣಿಕೆಯಲ್ಲಿ ಜನ ಎಡವುವುದೂ ಇಲ್ಲೇ. ಜೀಪಿನಲ್ಲಿ ಕೂತು ರಸ್ತೆ ಬದಿ ಕಂಡದ್ದನ್ನು ಕೂಡಿದರೆ ಅದು ರಸ್ತೆಯ ಲೆಕ್ಕ, ಬಯಲಿನದಲ್ಲ. ಅನುಮತಿ ಪಡೆದು, ಬೆಳಗ್ಗೆ ಆರರಿಂದ ಎಂಟರೊಳಗೆ, ಮೊದಲೇ ಗೆರೆ ಎಳೆದುಕೊಂಡ ನೇರ ದಾರಿಯಲ್ಲಿ ಎರಡು ಕಿ.ಮೀ. ನಡೆಯಬೇಕು. ಹಿಂಡು ಕಂಡಾಗ ಅದರ ನಡುವಿಗೆ ಇರುವ ದೂರ, ನಡೆಯುವ ಗೆರೆಯಿಂದ ಅದರ ಕೋನ, ತಲೆ ಎಣಿಕೆ ಬರೆದುಕೊಳ್ಳಿ. ದೂರ 120 ಮೀಟರ್, ಕೋನ 30 ಡಿಗ್ರಿ ಆದರೆ ಗೆರೆಯಿಂದ ನೇರ ಅಂತರ 60 ಮೀಟರ್. ಅಂತರ ಹೆಚ್ಚಿದಂತೆ ಕಣ್ತಪ್ಪಿದ ಹಿಂಡುಗಳೂ ಹೆಚ್ಚುತ್ತವೆ, ಈ ಅಂತರಗಳಿಂದಲೇ ಅವನ್ನು ಅಂದಾಜಿಸುವುದು. ಮಾತಾಡುತ್ತ ನಡೆದರೆ ಹಿಂಡು ಮೊದಲೇ ಸರಿದು ಅಂತರ ಸುಳ್ಳಾಗುತ್ತದೆ. ಎಳೆಮರಿಗಳು ಹುಲ್ಲಿನಲ್ಲಿ ಅವಿತಿರುವುದರಿಂದ ಮರಿಗಳ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ.

ಹುಟ್ಟು, ಸಾವು, ಒಳಬರುವುದು, ಹೊರಹೋಗುವುದು: ಸಂಖ್ಯೆ ಏರಿಳಿಯುವುದು ಈ ನಾಲ್ಕರಿಂದ. ನೆಲ ಸಾಕಬಲ್ಲಷ್ಟೇ ಜೀವ ಉಳಿಯುತ್ತದೆ ಎನ್ನುವ ಧಾರಣ ಸಾಮರ್ಥ್ಯವನ್ನು ಇಲ್ಲಿ ಬೇಲಿಯೊಳಗಿನ ಹುಲ್ಲಿಂದ ಮಾತ್ರ ಅಳೆದರೆ ತಪ್ಪುತ್ತದೆ. ನೀಲಗಿರಿಯಡಿ ಹುಲ್ಲಿಗೆ ಬರ. ಆ ಕೊರತೆ ತುಂಬುತ್ತಿರುವುದು ಸುತ್ತಲಿನ ಜೋಳ, ಮೆಕ್ಕೆಜೋಳದ ಹೊಲಗಳು. ಸಂಜೆ ಹೊಲದ ಬದುವಿನಲ್ಲಿ ನಿಂತರೆ ನೆಡುತೋಪಿನ ನೆರಳಿಂದ ಹಿಂಡು ಒಂದೊಂದಾಗಿ ಹೊರಬರುತ್ತದೆ. ಅದೇ ಹೊತ್ತಿಗೆ ರೈತರು ಕಾವಲಿಗೆ ಅಟ್ಟಣೆ ಏರುತ್ತಾರೆ.